ನಾಲ್ಕು ದಿನದ ಕೆಲಸ ಮೂರು ದಿನಕ್ಕೆ

ಭಾರತೀನಗರ
20 ಜುಲೈ 2025

ದೀಪಿಕ,

ನಿನ್ನ ಸೋದರಮಾವನ ಹಳೇ ಕಂಪ್ಯೂಟರಿನ ಮೇಲೆ ನಾನು ಈ ನಾಲ್ಕು ತಿಂಗಳಲ್ಲಿ ಸುರಿದ ದುಡ್ಡು ಇಪ್ಪತ್ತೆರಡು ಸಾವಿರದ ಮುನ್ನೂರ ಅರವತ್ತು. ಬಾಯಿಲೆಕ್ಕ ಅಲ್ಲ, ಚೀಟಿಗಳಿವೆ. ಬೀಗ ಒಡೆಯೋ ಪ್ರೋಗ್ರಾಮು ಹಾಕಿಕೊಟ್ಟ ಮದ್ದೂರಿನ ರಿಪೇರಿಯವನಿಗೆ ಸಾವಿರದ ಐನೂರು. ದೊಡ್ಡ ಫ್ಯಾನು ಒಂಬೈನೂರ ಐವತ್ತು. ಅದರಡಿಗೆ ಬಳಿಯೋ ಪೇಸ್ಟು ನೂರ ಎಂಬತ್ತು. ಉಗುರಿನಷ್ಟು ಪೇಸ್ಟಿಗೆ ನೂರ ಎಂಬತ್ತು ಇಸ್ಕೊಳ್ಳೋನು ಯಾರೋ ನನಗಿಂತ ಜಾಣ. ಕರೆಂಟು ಹಂಚೋ ಡಬ್ಬ ಸಾವಿರದ ನಾನೂರು, ಯುಪಿಎಸ್ ಬ್ಯಾಟರಿ ಸಾವಿರದ ನೂರು. ಫ್ರೀ ಕರೆಂಟಿನ ಮಿತಿ ದಾಟಿದ್ದಕ್ಕೆ ಬಂದ ಬಿಲ್ಲು ಎರಡು ಸಾವಿರದ ಆರುನೂರ ನಲವತ್ತು. ಆರು ಅಂಚೆ ಕವರಿಗೆ ಮೂವತ್ತು. ಮಿಕ್ಕ ಹದಿನಾಲ್ಕು ಸಾವಿರದ ಐನೂರ ಅರವತ್ತು ರೇಷ್ಮೆ ಹುಳುವಿನ ನಷ್ಟ. ಅದು ಹೇಗೆ ಅಂತ ಮುಂದೆ ಓದ್ತೀಯ.

ಕಾಲೇಜು ರಸ್ತೆಯಲ್ಲಿದ್ದ ನಿನ್ನ ಮಾವ ಶಿವರಾಜುವಿನ ಕಂಪ್ಯೂಟರ್ ಸೆಂಟರಿನಲ್ಲಿ ನಕಲಿ ಅಂಕಪಟ್ಟಿ ಮಾಡ್ತಿದ್ದಾರೆ ಅಂತ ಡಿಸೆಂಬರಿನಲ್ಲಿ ಪೊಲೀಸರು ಬಂದದ್ದು ನಿನಗೆ ಗೊತ್ತು. ಪಾಲುದಾರ ಯತೀಶ ತನಗೇನೂ ತಿಳಿಯದು ಅಂದ. ನಿನ್ನ ಮಾವ ಬಾಯೇ ಬಿಡಲಿಲ್ಲ, ಒಳಗೆ ಹೋದ. ನಿನಗೆ ಗೊತ್ತಿಲ್ಲದ್ದು ಇಲ್ಲಿಂದ ಶುರು. ಅಂಗಡಿಯ ಮೆಷಿನ್ನುಗಳನ್ನೆಲ್ಲ ಅವರು ಹೊತ್ತುಕೊಂಡು ಹೋದ ಮೇಲೂ ನಮ್ಮನೆ ಅಟ್ಟದ ಮೇಲೆ ಅವನ ಹಳೇದೊಂದು ಉಳಿದಿತ್ತು. ಅದರಲ್ಲಿ ಬೀಗ ಹಾಕಿದ ಒಂದು ಫೈಲು. ಬೀಗದ ಪದ ಏನು ಅಂತ ಜೈಲಿಗೆ ಹೋಗಿ ಕೇಳಿದೆ. "ಮರ್ತೋಯ್ತು ಕಣಕ್ಕ" ಅಂದ. ಮುಂದಿನ ಸಲ ಹೋದರೆ ಭೇಟಿಗೇ ಬರಲಿಲ್ಲ. ಲಾಯರ್ ಸುಧೀಂದ್ರ ಅವರು, "ಯತೀಶನ ಕೈವಾಡ ತೋರಿಸೋ ಒಂದು ಚೀಟಿ ಸಿಕ್ಕರೂ ನಿಮ್ಮ ತಮ್ಮನಿಗೆ ಶಿಕ್ಷೆ ತಗ್ಗುತ್ತೆ ಚಿಕ್ಕಬೋರಮ್ಮ, ಕೊನೇ ವಾದ ಜುಲೈ ಹದಿನಾರಕ್ಕೆ" ಅಂದರು. ರಿಪೇರಿಯವನು, ಈ ಮುದಿ ಮೆಷಿನ್ನು ಒಂದೊಂದೇ ಅಕ್ಷರ ಜೋಡಿಸಿ ನೋಡಿ ಬೀಗ ತೆಗೆಯೋಕೆ ಜುಲೈ ಮೂವತ್ತಾಗುತ್ತೆ ಅಂದ. ಮೆಷಿನ್ನನ್ನೇ ಅವನ ಕೈಗೆ ಕೊಟ್ಟು ಬರೋಕೆ ನನಗೆ ಧೈರ್ಯ ಇರಲಿಲ್ಲ.

ಹದಿನಾಲ್ಕು ದಿನ ಕೊರತೆ ಬಿತ್ತು. ಅದನ್ನು ತುಂಬೋಕೆ ಹೋದದ್ದು ಈ ಕಟ್ಟಿನಲ್ಲಿದೆ. ಬಿಲ್ ಪುಸ್ತಕದ ಕಾರ್ಬನ್ ಹಾಳೆ ಇಟ್ಟು ಬರೆದಿದ್ದರಿಂದ ನನ್ನ ಕಾಗದಗಳೂ ಉಳಿದಿವೆ. ಜೈಲಿನಲ್ಲಿ ಕಾಗದ ಒಡೆದು ಓದ್ತಾರೆ, ಹಾಗಾಗಿ ಫೈಲಿನ ಮಾತು ಅದರಲ್ಲಿ ನೇರವಾಗಿ ಸಿಗಲ್ಲ. ಮೊದಲಿಂದ ಓದು.

ನಿನ್ನ ಅವ್ವ

~

ಭಾರತೀನಗರ
2 ಏಪ್ರಿಲ್ 2025

ತಮ್ಮ ಶಿವರಾಜುಗೆ,

ಭೇಟಿಗೆ ಬರಲ್ಲ ಅಂತ ನೀನು ಹಠ ಹಿಡಿದ ಮೇಲೆ ನನಗೆ ಕಾಗದವೇ ಗತಿ. ಕಾಗದಕ್ಕೆ ಬೆನ್ನು ತಿರುಗಿಸಿ ನೀನು ಎಲ್ಲಿಗೆ ಹೋಗ್ತೀಯೋ ನೋಡೋಣ.

ಅಟ್ಟದ ಮೇಲಿದ್ದ ನಿನ್ನ ಕಂಪ್ಯೂಟರು ಇಳಿಸಿದ್ದೀನಿ. ಸೊಪ್ಪಿನ ಲೆಕ್ಕ, ಗೂಡಿನ ಲೆಕ್ಕ ಅದರಲ್ಲೇ ಬರೆಯೋಣ ಅಂತ. ಸ್ವಿಚ್ಚು ಒತ್ತಿ, ಹಸುವಿಗೆ ಹುಲ್ಲು ಹಾಕಿ, ಕೈ ತೊಳೆದು ಬಂದರೆ ಆಗ ಕಣ್ಣು ಬಿಡುತ್ತೆ. ಕಂಪನಿಯವರು ಬರೆದದ್ದಕ್ಕಿಂತ ಮೂರರಲ್ಲಿ ಒಂದು ಪಾಲು ಜಾಸ್ತಿ ಓಡಿಸ್ತೀನಿ ಅಂತ ನೀನು ಹಿಂದೆ ಎಲ್ಲರ ಮುಂದೆ ಜಂಬ ಹೊಡೀತಿದ್ದೆ. ಓವರ್‌ಕ್ಲಾಕು ಅಂತ ಏನೋ ಹೆಸರು. ಅದನ್ನು ನನಗೆ ಹೇಳಿಕೊಡು. ಅಕ್ಕ ಓದಿರೋದು ಎಸ್ಸೆಸ್ಸೆಲ್ಸಿ ಅಂತ ಜ್ಞಾಪಕ ಇಟ್ಟುಕೊಂಡು ಬರಿ. ಆದರೆ ಥರ್ಮಾಮೀಟರು ನೋಡೋಕೆ ನನಗೆ ಯಾರೂ ಕಲಿಸಬೇಕಾಗಿಲ್ಲ, ಮೂವತ್ತು ವರ್ಷ ಹುಳು ಸಾಕಿದ್ದೀನಿ.

ದೀಪಿಕ ಮಳವಳ್ಳಿಯಲ್ಲಿ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಸ್ಕೂಲಿನಲ್ಲಿ ಈ ವರ್ಷ ಹತ್ತನೇ ಕ್ಲಾಸಿಗೆ ಸಮಾಜ ಪಾಠ ಮಾಡೋಕೆ ಕೊಡ್ತಾರಂತೆ. ಫೋನು ಮಾಡಿದರೆ "ಆಮೇಲೆ ಮಾಡ್ತೀನಿ ಕಣವ್ವ" ಅಂತಾಳೆ. ಆಮೇಲೆ ಅನ್ನೋದು ಯಾವ ವಾರ ಅಂತ ಕೇಳೋದು ಬಿಟ್ಟಿದ್ದೀನಿ.

ನಿನ್ನ ಅಕ್ಕ
ಚಿಕ್ಕಬೋರಮ್ಮ

~

ಜಿಲ್ಲಾ ಕಾರಾಗೃಹ, ಮಂಡ್ಯ
12 ಏಪ್ರಿಲ್ 2025

ಅಕ್ಕನಿಗೆ ನಮಸ್ಕಾರ.

ಕಾಗದ ನಾಲ್ಕು ಸಲ ಓದಿದೆ. ಓದೋಕೆ ಬೇರೆ ಏನೂ ಇಲ್ಲದ್ದಕ್ಕಲ್ಲ.

ಕೇಳು. ಕಂಪ್ಯೂಟರಿನ ಒಳಗೆ ಒಂದು ತಾಳ ಇರುತ್ತೆ. ಪ್ರೊಸೆಸರು ಆ ತಾಳಕ್ಕೆ ಹೆಜ್ಜೆ ಹಾಕುತ್ತೆ. ತಾಳ ಜೋರು ಮಾಡಿದರೆ ಹೆಜ್ಜೆ ಜೋರು, ಮೈ ಬಿಸಿ. ಇಷ್ಟೇ ವಿದ್ಯೆ, ಮಿಕ್ಕಿದ್ದೆಲ್ಲ ತಾಳ್ಮೆ. ಆನ್ ಮಾಡಿದ ಕೂಡಲೇ ಡಿಲೀಟ್ ಅನ್ನೋ ಕೀಲಿ ಕುಟ್ಟುತ್ತಾ ಇರು, ನೀಲಿ ಪರದೆ ಬರುತ್ತೆ. ಅದರಲ್ಲಿ 200 ಅಂತ ಒಂದು ನಂಬರಿದೆ. ಅದನ್ನು 215 ಮಾಡಿ ಒಂದು ದಿನ ಓಡಿಸು. ತಕರಾರು ಮಾಡದಿದ್ದರೆ 233. ಮಾರನೇ ದಿನ 250. ಕೊನೆಗೆ 266, ಅಲ್ಲಿಗೆ ಕೈ ತೆಗಿ. 266ಕ್ಕೆ ನಿಂತರೆ ನಾಲ್ಕು ದಿನದ ಕೆಲಸ ಮೂರು ದಿನಕ್ಕೆ ಮುಗಿಸುತ್ತೆ.

ಬಿಸಿ ಎಪ್ಪತ್ತು ಡಿಗ್ರಿ ದಾಟಬಾರದು. ಹಳೇ ಫ್ಯಾನು ಸಾಲದು, ದೊಡ್ಡದು ಹಾಕಿಸು. ಪೇಸ್ಟು ಭತ್ತದ ಕಾಳಿನಷ್ಟು ಸಾಕು, ನೀನು ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಸವರಬೇಡ. ಕರೆಂಟಿನ ಡಬ್ಬವೂ ಹಳೇದಾಗಿದೆ, ಬದಲಾಯಿಸು. ಪರದೆ ಕಪ್ಪಾಗಿ ಸತ್ತಂತೆ ಕೂತರೆ ಹೆದರಬೇಡ. ವೈರು ಕಿತ್ತು, ಒಳಗೆ ಎರಡು ರೂಪಾಯಿ ಬಿಲ್ಲೆಯಂಥ ಒಂದು ಬ್ಯಾಟರಿ ಇದೆ, ಅದನ್ನು ತೆಗೆದು ಹತ್ತು ನಿಮಿಷ ಬಿಟ್ಟು ಹಾಕು. ತಾನು ಮಾಡಿದ್ದೆಲ್ಲ ಮರೆತು ಮೊದಲಿನ ಹಾಗೆ ಏಳುತ್ತೆ. ನಮ್ಮ ಬ್ಯಾರಕ್ಕಿನಲ್ಲಿ ಈ ಸೌಲಭ್ಯಕ್ಕೆ ಅರ್ಜಿ ಹಾಕೋರು ಬಹಳ ಜನ ಇದ್ದಾರೆ.

ಇಷ್ಟು ಬರೆಯೋಕೆ ಮೂರು ದಿನ ತಗೊಂಡೆ. ಬೇಗ ಮುಗಿಸಬೇಕು ಅನ್ನಿಸಲಿಲ್ಲ.

ಶಿವರಾಜು

~

ಭಾರತೀನಗರ
26 ಏಪ್ರಿಲ್ 2025

ತಮ್ಮನಿಗೆ,

215ಕ್ಕೆ ಸುಮ್ಮನಿತ್ತು. 233ಕ್ಕೆ ಸುಮ್ಮನಿತ್ತು. 250ಕ್ಕೆ ಪರದೆ ಕಪ್ಪಾಯ್ತು. ನೀನು ಹೆದರಬೇಡ ಅಂತ ಬರೆದಿದ್ದೆಯಲ್ಲ, ಆ ಸಾಲು ಇನ್ನೊಂದು ಸಲ ಓದಿ ಆಮೇಲೆ ಹೆದರಿದೆ. ಬಿಲ್ಲೆ ಕಿತ್ತು ಹತ್ತು ನಿಮಿಷ ಗಡಿಯಾರ ನೋಡ್ತಾ ಕೂತೆ. ಎದ್ದಿತು. ಡಬ್ಬ ಬದಲಾಯಿಸಿದ ಮೇಲೆ 250ನ್ನೂ ನುಂಗಿತು, ನಿನ್ನೆಯಿಂದ 266.

ಈಗಿನ ತಕರಾರು ಬಿಸಿಲಿನದು. ಪಡಸಾಲೆಯಲ್ಲಿ ಮಧ್ಯಾಹ್ನ ಮೂವತ್ತೇಳು ಡಿಗ್ರಿ. ಮೆಷಿನ್ನು ಎಂಬತ್ತೆರಡು ತೋರಿಸ್ತು. ನಮ್ಮ ಮನೆಗೆಲ್ಲ ತಂಪಾದ ಜಾಗ ಯಾವುದು ಹೇಳು? ಹುಳುವಿನ ಮನೆ. ಕಿಟಕಿಗೆ ಒದ್ದೆ ಗೋಣಿ ಕಟ್ಟಿ ಇಪ್ಪತ್ತೈದು ಡಿಗ್ರಿಯಲ್ಲಿ ನಾನು ಸಾಕೋದು ಹುಳುವನ್ನೇ ತಾನೆ. ಮನುಷ್ಯರಿಗೆ ಈ ಮನೆಯಲ್ಲಿ ಅಂಥ ಉಪಚಾರ ಯಾವಾಗಲೂ ಇರಲಿಲ್ಲ. ಮೆಷಿನ್ನನ್ನು ಮೇಜಿನ ಸಮೇತ ಒಳಗೆ ಇಟ್ಟೆ. ಅರುವತ್ತಾರಕ್ಕೆ ಇಳಿಯಿತು. ಅಂಕಮ್ಮ ಸೊಪ್ಪು ತಂದವಳು ಬಾಗಿಲಲ್ಲೇ ನಿಂತಳು.

"ಇದ್ಯಾತಕ್ಕಕ್ಕ ಇಲ್ಲಿ? ಹುಳಕ್ಕೆ ಟೀವಿ ತೋರುಸ್ತೀಯ?"

"ಊಂ ಕಣೆ, ಬೇಜಾರಾಯ್ತದಂತೆ."

"ನಂಗೂ ಬೇಜಾರಾಯ್ತದೆ, ನಂಗೇನೂ ತೋರ್ಸಲ್ಲ."

ನಾನು ನಕ್ಕು ಬಹಳ ದಿನ ಆಗಿತ್ತು ಅಂತ ಆಗ ಗೊತ್ತಾಯ್ತು.

ನೀನು ಊಟ ಸರಿಯಾಗಿ ಮಾಡ್ತೀಯ? ಅದನ್ನೂ ಬರಿ. ಬರೀ ನಂಬರು ಬರೆದು ಕಳಿಸಬೇಡ.

ನಿನ್ನ ಅಕ್ಕ

~

ಮಂಡ್ಯ
5 ಮೇ 2025

ಅಕ್ಕನಿಗೆ,

ಅಕ್ಕ, ಹುಳುವಿನ ಮನೆ ಬೇಡ. ಮೊದಲು ಇದನ್ನು ಓದು, ಮಿಕ್ಕಿದ್ದು ಆಮೇಲೆ. ಅಲ್ಲಿ ತೇವ ಇರುತ್ತೆ, ಹುಳು ಪೊರೆ ಬಿಟ್ಟು ಜ್ವರದಿಂದ ಎದ್ದಾಗಲೆಲ್ಲ ನೀನು ಸುಣ್ಣ ಎರಚ್ತೀಯ. ಆ ಫ್ಯಾನು ಎದುರಿಗೆ ಏನಿದ್ದರೂ ಎಳೆದುಕೊಳ್ಳುತ್ತೆ. ಮುಂದಿನಿಂದ ಎಳೆದ ತಂಪನ್ನು ಹಿಂದಿನಿಂದ ಬಿಸಿ ಮಾಡಿ ಉಗುಳುತ್ತೆ. ಹಿಂದುಗಡೆ ತಟ್ಟೆ ಇದ್ದರೆ ಹುಳು ಉಳಿಯಲ್ಲ. ಈ ಕಾಗದ ಇವತ್ತೇ ಹೊರಡಲಿ ಅಂತ ಬರೆದ ಕೂಡಲೇ ವಾರ್ಡರನ ಕೈಗೇ ಕೊಡ್ತೀನಿ. ಓದಿ ಮುದ್ರೆ ಹಾಕಿ ಬಿಡೋಕೆ ಅವರಿಗೆ ಎಷ್ಟು ದಿನ ಬೇಕೋ.

ಊಟ ಮಾಡ್ತೀನಿ. ಮುದ್ದೆ ಕೊಡ್ತಾರೆ, ಗಾತ್ರ ಎಲ್ಲರಿಗೂ ಒಂದೇ. ಪಕ್ಕದ ಚಾಪೆಯ ಮರಿಸಿದ್ದಯ್ಯ ಅಂತ ಒಬ್ಬರಿದ್ದಾರೆ, ಗದ್ದೆ ಜಗಳದ ಕೇಸು, ವಯಸ್ಸಾದವರು. ನಿನ್ನ ಕಾಗದ ಬಂದ ದಿನ "ನಿಮ್ಮಕ್ಕ ಇನ್ನೆಷ್ಟಕ್ಕೆ ಏರ್ಸುದ್ಲು?" ಅಂತ ಕೇಳ್ತಾರೆ. 266 ಅಂದರೆ ಅವರಿಗೇನೋ ಸಮಾಧಾನ.

ಶಿವರಾಜು

~

ಭಾರತೀನಗರ
25 ಮೇ 2025

ತಮ್ಮನಿಗೆ,

ಐದನೇ ತಾರೀಖಿನ ನಿನ್ನ ಕಾಗದ ಕೈಗೆ ಬಂದದ್ದು ಹತ್ತೊಂಬತ್ತಕ್ಕೆ. ಹುಳು ಸತ್ತದ್ದು ಹದಿನೇಳಕ್ಕೆ.

ಮೂರನೇ ಜ್ವರ ಮುಗಿಸಿ ಹುಳು ಎದ್ದವು. ಹಾಸಿಗೆ ಒಣಗಲಿ ಅಂತ ಎಂದಿನಂತೆ ಸುಣ್ಣ ಎರಚಿದೆ. ಮೂವತ್ತು ವರ್ಷದ ಕೈ, ಮೇಜಿನ ಮೇಲೆ ಇನ್ನೊಂದು ಜೀವ ಉಸಿರಾಡ್ತಿದೆ ಅಂತ ಅದಕ್ಕೆ ಗೊತ್ತಾಗಲಿಲ್ಲ. ಅರ್ಧ ಗಂಟೆಯಲ್ಲಿ ಮೆಷಿನ್ನು ತೊಂಬತ್ತು ತೋರಿಸಿ ತಾನೇ ಆರಿಹೋಯಿತು. ತೆಗೆದು ನೋಡಿದರೆ ಫ್ಯಾನಿನ ರೆಕ್ಕೆಯೆಲ್ಲ ಸುಣ್ಣ ಬಳಿದ ಹೊಸ ಗೋಡೆ. ಮರಿಹುಳು ಎತ್ತೋ ಕೋಳಿ ಪುಕ್ಕದಿಂದ ಒಂದು ಬೆಳಿಗ್ಗೆ ಪೂರ್ತಿ ಒರೆಸಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಆಗ್ತಿತ್ತು. ಹಿಂದುಗಡೆಯ ಆರು ತಟ್ಟೆಯಲ್ಲಿ ಹುಳು ಸೊಪ್ಪು ಬಿಟ್ಟು ಸಪ್ಪೆಯಾಗಿ ಮಲಗಿದ್ದು ನಾಲ್ಕನೇ ಜ್ವರದ ಮೇಲೆ ಕಂಡಿತು. ಆ ಮೂಲೆಯ ಥರ್ಮಾಮೀಟರು ಇಪ್ಪತ್ತೊಂಬತ್ತು. ಮೆಷಿನ್ನನ್ನು 200ಕ್ಕೆ ಇಳಿಸಬಹುದಿತ್ತು. ಹೊರಗಿಡಬಹುದಿತ್ತು. ಕೈಯಲ್ಲಿ ಸತ್ತ ಹುಳು ಹಿಡಿದು ಅದರ ಮುಂದೆ ನಿಂತೆ, ಇಳಿಸಲಿಲ್ಲ. ಇಪ್ಪತ್ತೆಂಟು ಕೆ.ಜಿ. ಗೂಡು ಹೋಯಿತು. ಸೊಪ್ಪಿನ ಲೆಕ್ಕ ಬರೆಯೋ ಮೆಷಿನ್ನಿಗೆ ಇಷ್ಟು ಆತುರ ಯಾಕೆ ಅಂತ ನೀನು ಕೇಳಬಹುದು. ಕೇಳಬೇಡ.

ಉಳಿದ ಹುಳು ಹಣ್ಣಾಗಿ ಗೂಡು ಕಟ್ಟಿದವು. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ನಾನೇ ಹಾಕಿಕೊಂಡು ಹೋದೆ. ಬರೋವಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇತ್ತು, ಚೀಲ ಇಟ್ಟೆ. ಟಿಕೆಟಿಲ್ಲದೆ ಮದ್ದೂರಿನವರೆಗೂ ಬಂತು.

ನಿನ್ನ ಅಕ್ಕ

~

ಮಂಡ್ಯ
4 ಜೂನ್ 2025

ಅಕ್ಕ,

ಮೆಷಿನ್ನು ಇಳಿಸಿಬಿಡು. ಇಷ್ಟು ದಿನ ಏರಿಸೋದು ಹೇಳಿಕೊಟ್ಟೆ, ಈಗ ಇಳಿಸೋದು ಹೇಳ್ತೀನಿ. ಅದೇ ನೀಲಿ ಪರದೆ, ಅದೇ ನಂಬರು, 200 ಹಾಕು. ಆಮೇಲೆ ವೈರು ಸುತ್ತಿ ಅಟ್ಟಕ್ಕೆ ಹಾಕು. ಸೊಪ್ಪಿನ ಲೆಕ್ಕ ಪುಸ್ತಕದಲ್ಲೇ ಬರಿ, ನಿನ್ನ ಪುಸ್ತಕದಲ್ಲಿ ತಪ್ಪು ನಾನು ಯಾವತ್ತೂ ನೋಡಿಲ್ಲ.

ನಾನು ಇಲ್ಲಿ ಚೆನ್ನಾಗೇ ಇದ್ದೀನಿ. ನನ್ನನ್ನು ಹೊರಗೆ ತರೋಕೆ ಯಾರೂ ಹುಳು ಸಾಯಿಸೋದು ಬೇಡ. ಹಟ ಬುಡಕ್ಕ.

ಶಿವರಾಜು

~

ಭಾರತೀನಗರ
12 ಜೂನ್ 2025

ತಮ್ಮನಿಗೆ,

ಇಳಿಸಲ್ಲ. ಮಳೆ ಹಿಡಿದಿದೆ, ಪಡಸಾಲೆಯೇ ತಂಪು. ಅರುವತ್ತೊಂದು ಡಿಗ್ರಿ.

ಏನು ಮಾಡಬಾರದು ಅಂತ ಬರೆಯೋ ಬದಲು ಯಾಕೆ ಮಾಡಬಾರದು ಅಂತ ಬರಿ.

ನಿನ್ನ ಅಕ್ಕ

~

ಭಾರತೀನಗರ
28 ಜೂನ್ 2025

ಶಿವು,

ನಿನ್ನ ಕಾಗದ ಇಲ್ಲ. ಪೋಸ್ಟ್‌ಮ್ಯಾನನ್ನು ದಿನಾ ಕೇಳಿ ಕೇಳಿ, ಈಗ ಅವನು ನಮ್ಮ ಬೀದಿಗೆ ಬರೋವಾಗಲೇ ದೂರದಿಂದ ಕೈಯಾಡಿಸ್ತಾನೆ. ಬೆಳಿಗ್ಗೆ ಎದ್ದು ಮೆಷಿನ್ನಿನ ಡಿಗ್ರಿ ನೋಡ್ತೀನಿ, ಆಮೇಲೆ ಹುಳುವಿನ ಮನೆಯ ಡಿಗ್ರಿ. ಮನೆಯಲ್ಲಿ ಶಬ್ದ ಅಂದರೆ ಆ ಫ್ಯಾನಿನದೊಂದೇ. ಮೊನ್ನೆ ಅದಕ್ಕೆ "ಬತ್ತೀನಿ ಇರು" ಅಂತ ಹೇಳಿ ಡೈರಿಗೆ ಹಾಲು ಹಾಕೋಕೆ ಹೋದೆ. ಯಾರಿಗೂ ಹೇಳಬೇಡ.

ಅಕ್ಕ

~

ಭಾರತೀನಗರ
9 ಜುಲೈ 2025

ತಮ್ಮನಿಗೆ,

ನಿನ್ನೆ ಬೆಳಿಗ್ಗೆ ಹಾಲು ಹಾಕಿ ಬಂದು ನೋಡಿದೆ. ಫ್ಯಾನು ಸದ್ದಿಲ್ಲದೆ ಸುತ್ತುತ್ತಿತ್ತು, ಕೆಲಸ ಮುಗಿದಿತ್ತು. ಎಂಟು ಅಕ್ಷರ. ಯಾರ ಹೆಸರೂ ಅಲ್ಲ, ಯಾವ ಊರೂ ಅಲ್ಲ. ಕಣ್ಣು ಮುಚ್ಚಿ ಬೆರಳಿಗೆ ಸಿಕ್ಕಿದ್ದು ಒತ್ತಿದ್ದೀಯ.

ಈಗ ಹುಳುವಿನ ಮಾತು ಹೇಳ್ತೀನಿ. ಪಟ್ಟಿಯಲ್ಲಿ ಮೂವತ್ತೊಂದು ತಟ್ಟೆ. ಯಾವ ತಟ್ಟೆಗೆ ಯಾರು ಎಷ್ಟು ಕೊಟ್ಟರು, ನಿನ್ನ ಪಾಲುದಾರ ಎಷ್ಟು ಇಟ್ಟುಕೊಂಡ, ಎಲ್ಲ ಅಚ್ಚುಕಟ್ಟಾಗಿ ಬರೆದಿದ್ದೀಯ. ನನ್ನ ತಮ್ಮನೇ ಸರಿ. ಹದಿನಾರರವರೆಗೆ ಸಂತೋಷದಿಂದ ಓದಿದೆ. ಹದಿನೇಳನೇ ತಟ್ಟೆ ನಮ್ಮನೇದು. ಮಳವಳ್ಳಿಗೆ ಕೊಟ್ಟದ್ದು.

ಅವತ್ತು ಹುಳಕ್ಕೆ ಸೊಪ್ಪು ಹಾಕೋದು ತಡವಾಯ್ತು.

ಲಾಯರು ಹದಿನೈದಕ್ಕೆ ಫೋನು ಮಾಡ್ತಾರೆ. ಏನು ಹೇಳಲಿ? ಒಂದು ಸಾಲು ಬರಿ, ಹೇಗಾದರೂ ಮುಟ್ಟಿಸು.

ಅಕ್ಕ

~

13 ಜುಲೈ 2025

ಅಕ್ಕ,

ಇದು ಜೈಲಿನ ಅಂಚೆಯಲ್ಲಿ ಬಂದಿಲ್ಲ. ಮರಿಸಿದ್ದಯ್ಯನಿಗೆ ಬಿಡುಗಡೆಯಾಯ್ತು, ಅವರ ಜೇಬಿನಲ್ಲಿ ಬಂದಿದೆ. ಅವರಿಗೆ ಒಂದು ಲೋಟ ಕಾಫಿ ಕೊಡು. ಇಲ್ಲಿ ಮಾತ್ರ ಬಿಡಿಸಿ ಹೇಳ್ತೀನಿ.

ದೀಪಿಕ ಬಿ.ಎಡ್.ನಲ್ಲಿ ಎರಡು ಪೇಪರು ಫೇಲಾದಳು. ಗಂಡಿನ ಕಡೆಯವರು ಒಪ್ಪಿದ್ದೇ ಬಿ.ಎಡ್. ಆಗಿದೆ ಅಂತ. ಅಂಕಪಟ್ಟಿ ನಾನು ಮಾಡಿದೆ. ಅದಾದ ಮೇಲೆ ಯತೀಶ "ಇದನ್ನೇ ಮಾಡೋಣ ಕಣ್ಲಾ, ದುಡ್ಡೈತೆ" ಅಂದ. ನಾನು ಇಲ್ಲ ಅನ್ನಲಿಲ್ಲ. ಅವನು ನಾಳೆ ನನ್ನ ಮೇಲೆ ತಿರುಗಿದರೆ ಇರಲಿ ಅಂತ ಎಲ್ಲರ ಹೆಸರೂ ಅಕಾರಾದಿಯಾಗಿ ಜೋಡಿಸಿ ಪಟ್ಟಿ ಬರೆದಿಟ್ಟೆ. ಪೊಲೀಸರು ಬರ್ತಾರೆ ಅಂತ ಗೊತ್ತಾದ ದಿನ ಅಳಿಸೋಕೆ ಕೂತೆ. ಅಳಿಸಿದರೆ ಅವನು ಗೆದ್ದ, ಬಿಟ್ಟರೆ ಅವಳು ಹೋದಳು. ನನಗೇ ತೆಗೆಯೋಕೆ ಬರದಂಥ ಬೀಗ ಹಾಕಿದೆ.

ಅವಳ ಹೆಸರೊಂದನ್ನು ತೆಗೆದು ಕೊಡೋಣ ಅಂತ ನೀನು ಯೋಚಿಸಿರ್ತೀಯ. ಯತೀಶನಿಗೆ ಹದಿನೇಳನೆಯದು ಬಾಯಿಪಾಠ. ಅವನನ್ನು ಎಳೆದ ದಿನ ಅವನು ಅವಳನ್ನು ಎಳೀತಾನೆ.

ಇನ್ನೊಂದು ಮಾತು. ನೀನು ಬೀಗ ಒಡೀತಿದ್ದೀಯ ಅಂತ ನನಗೆ ಮೊದಲನೇ ಕಾಗದದಲ್ಲೇ ಗೊತ್ತಾಗಿತ್ತು. ಸೊಪ್ಪಿನ ಲೆಕ್ಕಕ್ಕೆ ಯಾರೂ ಓವರ್‌ಕ್ಲಾಕ್ ಮಾಡಲ್ಲ ಅಕ್ಕ. ಒಂಬತ್ತು ಅಕ್ಷರ ಒತ್ತಿದ್ದೀನಿ ಅಂದುಕೊಂಡಿದ್ದೆ. ಒಂಬತ್ತಾಗಿದ್ದರೆ 266ಕ್ಕೆ ಓಡಿಸಿದರೂ ಏಳು ವರ್ಷ ಬೇಕಿತ್ತು. ಆ ಧೈರ್ಯದ ಮೇಲೆ ಹೇಳಿಕೊಡ್ತಾ ಹೋದೆ. ಒಳಗೆ ಬಂದ ಮೇಲೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಇದು ಹೇಗೆ ಮಾಡೋದು, ಹೇಳಿಕೊಡು ಅಂತ ನೀನೊಬ್ಬಳು ಕೇಳಿದೆ.

ಲಾಯರಿಗೆ ತೆರೀಲಿಲ್ಲ ಅಂದುಬುಡು.

ಶಿವರಾಜು

~

ಭಾರತೀನಗರ
20 ಜುಲೈ 2025, ಮಧ್ಯಾಹ್ನ

ದೀಪಿಕ,

ತೆರೀಲಿಲ್ಲ ಅಂದೆ. ಸುಧೀಂದ್ರ ಅವರು "ಹೋಗಲಿ ಬಿಡಿ ಚಿಕ್ಕಬೋರಮ್ಮ, ಪ್ರಯತ್ನ ಪಟ್ಟಿರಿ" ಅಂದರು. ಮೊನ್ನೆ ಹದಿನೆಂಟಕ್ಕೆ ತೀರ್ಪು ಬಂತು. ಶಿವರಾಜುಗೆ ಮೂರು ವರ್ಷ. ಯತೀಶ ಖುಲಾಸೆ. ಕೋರ್ಟಿನಲ್ಲಿ ನಿನ್ನ ಮಾವ ಹಿಂದಿರುಗಿ ನೋಡಿ, ಕೈಯಲ್ಲಿ ಎಷ್ಟು ಡಿಗ್ರಿ ಅನ್ನೋ ಹಾಗೆ ಸನ್ನೆ ಮಾಡಿದ. ನಾನು ಬೆರಳಲ್ಲಿ ತೋರಿಸೋಕೆ ಹೋದೆ. ಅಷ್ಟರಲ್ಲಿ ಕರೆದುಕೊಂಡು ಹೋದರು.

ನಿನ್ನ ತಪ್ಪು ಹೇಳೋಕೆ ಮೊದಲು ನನ್ನದು. ಪಟ್ಟಿ ಓದಿದ ದಿನ ನನ್ನ ಹಳೇ ಪುಸ್ತಕ ತೆಗೆದೆ. 2019, ಆಗಸ್ಟು ತಿಂಗಳು, ನನ್ನದೇ ಕೈಬರಹ: ಶಿವೂಗೆ, ದೀಪಿಕಳ ಮರುಎಣಿಕೆ ಫೀಸು, ನಲವತ್ತು ಸಾವಿರ. ಸೊಪ್ಪಿನ ಹೊರೆಯಲ್ಲಿ ಒಂದು ಕೆ.ಜಿ. ಕಡಿಮೆ ಬಂದರೆ ಅಂಕಮ್ಮನನ್ನು ನಿಲ್ಲಿಸಿ ಕೇಳೋಳು ನಾನು. ಅಂಕ ಮತ್ತೊಂದು ಸಲ ಎಣಿಸೋಕೆ ನಲವತ್ತು ಸಾವಿರ ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಅವನು ಸುಳ್ಳು ಹೇಳ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ ಅಂತ ಕಾಣುತ್ತೆ. ನಿನಗೆ ಎಷ್ಟು ಗೊತ್ತಿತ್ತು ಅಂತ ನಾನೂ ಕೇಳಲ್ಲ.

ಮೇಲಿನ ಕೋರ್ಟಿಗೆ ಹೋಗೋಕೆ ಮೂವತ್ತು ದಿನ ಇದೆ, ಎರಡು ಕಳೆದಿದೆ. ಪೆನ್‌ಡ್ರೈವು ಕಟ್ಟಿನ ತಳದಲ್ಲಿದೆ. ಮೆಷಿನ್ನಿನಲ್ಲಿದ್ದದ್ದು ಅಳಿಸಿದ್ದೀನಿ, ಬೇರೆ ಪ್ರತಿ ಇಲ್ಲ. ಅದನ್ನು ಸುಧೀಂದ್ರ ಅವರಿಗೆ ಕೊಡ್ತೀಯೋ, ಶಿಂಷಾ ಹೊಳೆಗೆ ಎಸೀತೀಯೋ, ನಾನು ಹೇಳಲ್ಲ. ನಾನು ನಿನಗಾಗಿ ಒಂದು ಸಲ ಸುಮ್ಮನಿದ್ದೆ, ನಿನ್ನ ಮಾವ ಒಂದು ಸಲ. ಮೂರನೆಯದು ನಿನ್ನ ಕೈಯಲ್ಲಿರಲಿ. ನಾಳೆ ಬೆಳಿಗ್ಗೆ ಮಳವಳ್ಳಿ ಬಸ್ಸಿಗೆ ಬಂದು ಸ್ಕೂಲಿನ ಗೇಟಿನಲ್ಲೇ ಈ ಕಟ್ಟು ಕೊಟ್ಟು ಹಿಂದಿರುಗ್ತೀನಿ. ಮನೆಗೆ ಬರಲ್ಲ, ನಿನ್ನ ಅತ್ತೆಗೆ ಏನು ಹೇಳೋದು ಅಂತ ನೀನು ಕಷ್ಟಪಡೋದು ಬೇಡ.

ಯಾರಿಗೆ ಏನು ಸಿಕ್ಕಿತು ಅಂತ ಇವತ್ತಿನವರೆಗಿನ ಲೆಕ್ಕ ಬರೆದುಬಿಡ್ತೀನಿ. ಯತೀಶನಿಗೆ ಬಿಡುಗಡೆ, ಕಾಲೇಜು ರಸ್ತೆಯಲ್ಲಿ ಅಂಗಡಿ ಬಾಗಿಲು ತೆಗೆದಿದ್ದಾನೆ. ಸುಧೀಂದ್ರ ಅವರಿಗೆ ಫೀಸು. ಮದ್ದೂರಿನ ರಿಪೇರಿಯವನಿಗೆ ಸಾವಿರದ ಐನೂರು. ಮರಿಸಿದ್ದಯ್ಯನಿಗೆ ಎರಡು ಲೋಟ ಕಾಫಿ, ಒಂದು ಸಾಲದು ಅಂದರು. ನಿನ್ನ ಮಾವನಿಗೆ ಮೂರು ವರ್ಷ, ಕಳೆದ ಏಳು ತಿಂಗಳು ತೆಗೆದರೆ ಎರಡು ವರ್ಷ ಐದು ತಿಂಗಳು. ನಿನಗೆ ಕೆಲಸ, ಮನೆ, ಇನ್ನು ಇಪ್ಪತ್ತೆಂಟು ದಿನ. ನನಗೆ ಜುಲೈ ಮೂವತ್ತಕ್ಕೆ ಗೊತ್ತಾಗಬೇಕಿದ್ದದ್ದು ಜುಲೈ ಎಂಟಕ್ಕೇ ಗೊತ್ತಾಯಿತು. ಇಪ್ಪತ್ತೆರಡು ದಿನ ಲಾಭ.

ನಿನ್ನ ಅವ್ವ
ಚಿಕ್ಕಬೋರಮ್ಮ